ಆನೆಯ ಆಯುಸ್ಸು ಅದರ ದವಡೆಯಲ್ಲಿ

ಆನೆಯು ನೂರಾರು ವರ್ಷ ಬಾಳುವುದೆಂಬುದು ನಿಜವೇ, ನಿಜವಲ್ಲದಿದ್ದರೆ ಅಷ್ಟು ಬಲಿಷ್ಠವಾದ ಶರೀರವನ್ನು ಕಡೆಗೆ ಕೆಡಹುವುದು ಯಾವುದು ಎಂದು ಓದುಗರೊಬ್ಬರು ಕೇಳಿದ್ದಾರೆ. ಮೊದಲನೆಯ ಪ್ರಶ್ನೆಗೆ ಉತ್ತರ ಚಿಕ್ಕದು: ಕಾಡಾನೆ 60-70 ವರ್ಷಗಳಾಚೆಗೆ ಬದುಕುವುದು ವಿರಳ. ಎರಡನೆಯದಕ್ಕೆ ಉತ್ತರವಾದರೋ, ಪ್ರಾಣಿಶಾಸ್ತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿಗಳಲ್ಲೊಂದು. ಅಕಾಲಮೃತ್ಯುವಿಗೆ ತುತ್ತಾಗದೆ ಪೂರ್ಣಾಯುಸ್ಸನ್ನು ಕಂಡ ಆನೆಯ ಆಯುರ್ಮಾನವನ್ನು ಬಹುಮಟ್ಟಿಗೆ ನಿರ್ಣಯಿಸುವುದು ಅದರ ಅರೆಯುವ ಹಲ್ಲುಗಳು.

ಆನೆಯ ದಂತವೆಂದೊಡನೆ ಹೊರಚಾಚಿದ ಕೋರೆಯೇ ಕಣ್ಣಿಗೆ ಕಟ್ಟುವುದಾದರೂ, ಅದು ಮೇಲ್ದವಡೆಯ ಬಾಚಿಹಲ್ಲಿನ ರೂಪಾಂತರ ಮಾತ್ರವಾಗಿದ್ದು ಮೇವನ್ನು ಅರೆಯುವ ಕಾರ್ಯದಲ್ಲಿ ಅದಕ್ಕೆ ಯಾವ ಪಾಲೂ ಇಲ್ಲ. ಬಿದಿರು, ತೊಗಟೆ, ಮರಳು ಮೆತ್ತಿದ ಹುಲ್ಲು ಇವುಗಳನ್ನು ದಿನಕ್ಕೆ ಸುಮಾರು 150 ಕಿಲೋಗ್ರಾಂನಷ್ಟು ನುಣ್ಣಗೆ ಮಾಡಬೇಕಾದ ಹೊಣೆಯು, ದವಡೆಯ ಪ್ರತಿಯೊಂದು ಪಾರ್ಶ್ವದಲ್ಲಿಯೂ ಒಂದೊಂದರಂತೆ, ಹಳೆಯದು ಜಾರಿ ಹೊಸದು ಬರುತ್ತಿರುವಾಗ ಎರಡೆರಡರಂತೆ ಇರುವ ಭಾರಿ ದವಡೆಹಲ್ಲುಗಳ ಮೇಲೆ ಬೀಳುತ್ತದೆ. ಕಠಿನವಾದ ಎನಾಮಲಿನ ಹಲಗೆಗಳು ಮೃದುತರ ದ್ರವ್ಯದ ನಡುವೆ ಸಾಲಾಗಿ ನಿಂತು ರಚಿತವಾದ ಈ ಹಲ್ಲಿನಲ್ಲಿ, ಮೃದುಭಾಗ ಬೇಗನೆಯೂ ಕಠಿನಭಾಗ ನಿಧಾನವಾಗಿಯೂ ಸವೆಯುವುದರಿಂದ ಏಣುಗಳು ಸದಾ ಎದ್ದುನಿಲ್ಲುತ್ತವೆ. ನುಣುಪಾದ ಬೀಸುಕಲ್ಲಿಗೆ ನಾವು ಉಳಿಯಿಂದ ಕಚ್ಚು ಹಾಕಿಸುತ್ತೇವಷ್ಟೆ, ಆನೆಯ ಹಲ್ಲು ಆ ಕೆಲಸವನ್ನು ಅರೆಯುತ್ತಲೇ ತಾನೇ ಮಾಡಿಕೊಳ್ಳುತ್ತದೆ.

ಇದಕ್ಕಿಂತಲೂ ಅದ್ಭುತವಾದುದು ಹಲ್ಲು ಬದಲಾಗುವ ರೀತಿ. ನಮ್ಮಲ್ಲಿ ಹೊಸ ಹಲ್ಲು ಹಳೆಯದರ ಬುಡದಿಂದ ಮೂಡಿದರೆ, ಆನೆಯಲ್ಲಿ ಅದು ದವಡೆಯ ಹಿಂಭಾಗದಲ್ಲಿ ಹುಟ್ಟಿ ಅತಿ ಮಂದಗತಿಯಿಂದ ಮುಂದಕ್ಕೆ ಸರಿಯುತ್ತದೆ. ಮುಂದಿನದು ಬೇರು ಕರಗಿ ಚೂರುಚೂರಾಗಿ ಉದುರುತ್ತಿರುವಂತೆಯೇ ಹಿಂದಿನದು ಆ ಸ್ಥಾನವನ್ನು ಆಕ್ರಮಿಸುತ್ತದೆ. ಹೀಗೆ ಜೀವಮಾನದಲ್ಲಿ ಆರು ಸರದಿಯ ಹಲ್ಲುಗಳು. ಮೊದಲನೆಯದು ಮರಿಗೆ ಎರಡು ವರ್ಷವಾಗುವ ವೇಳೆಗೆ ಉದುರಿಹೋಗುವ ಪುಟ್ಟ ಹಲ್ಲು. ನಮ್ಮ ಏಷ್ಯದ ಆನೆಯಲ್ಲಿ ಅದಕ್ಕೆ ನಾಲ್ಕೇ ಹಲಗೆಗಳಿದ್ದರೆ, ಯೌವನ ಕಳೆಯುತ್ತಿರುವಾಗ ಮೂಡುವ ಆರನೆಯದಕ್ಕೆ 20ಕ್ಕೂ ಹೆಚ್ಚು. ಅದರ ಹಿಂದೆ ಏಳನೆಯದೆಂಬುದು ಇಲ್ಲ. ಅದೂ ಸವೆದು ಸಪಾಟಾದ ಮೇಲೆ ಮೇವು ಅರ್ಧಂಬರ್ಧ ಅರೆದು ಹೊಟ್ಟೆಗಿಳಿಯುತ್ತದೆ, ಲದ್ದಿಯಲ್ಲಿ ನೀಳವಾದ ನಾರುಗಳು ಹಾಗೆಯೇ ಕಾಣುತ್ತವೆ, ಮೈ ಬಡಕಲಾಗುತ್ತದೆ. ಹಸಿರಿನ ನಡುವೆಯೇ ಆ ಮಹಾಪ್ರಾಣಿ ಹಸಿವಿನಿಂದ ಕುಸಿಯುತ್ತದೆ. ಈ ಸವೆತ ಎಷ್ಟು ಕ್ರಮಬದ್ಧವೆಂದರೆ, ಆಫ್ರಿಕದ ಆನೆಗಳ ಕೆಳದವಡೆಗಳನ್ನು ಪರೀಕ್ಷಿಸಿದ ರಿಚರ್ಡ್ ಲಾಸ್ ಎಂಬ ಬ್ರಿಟಿಷ್ ವಿಜ್ಞಾನಿ 1966ರಲ್ಲಿ ಅದರಿಂದಲೇ 30 ವಯೋವರ್ಗಗಳನ್ನು ಗುರುತಿಸಿದರು.

ಅದೇ ಆನೆಯ ಜೀವಕೋಶಗಳಾದರೋ ಅಸಾಧಾರಣವಾದ ರಕ್ಷೆಯನ್ನು ಪಡೆದಿವೆ. ಅರ್ಬುದವನ್ನು ತಡೆಯುವ ಒಂದು ವಂಶವಾಹಿ ನಮ್ಮಲ್ಲಿ ಒಂದೇ ಪ್ರತಿಯಾಗಿರಲು, ಆನೆಯಲ್ಲಿ ಅದರ ಸುಮಾರು 20 ಪ್ರತಿಗಳಿವೆಯೆಂದು 2015ರಲ್ಲಿ ಪ್ರಕಟವಾಯಿತು. ಮುಪ್ಪು ಸರ್ವಾಂಗಗಳಿಗೂ ಸಮನಾಗಿ ಬರುವುದೆಂಬ ನಮ್ಮ ಎಣಿಕೆಯನ್ನು ಹಲ್ಲಿಗೂ ಜೀವಕೋಶಗಳಿಗೂ ನಡುವಿನ ಈ ಅಂತರ ಅಲ್ಲಗಳೆಯುತ್ತದೆ. ಇನ್ನು ಹಲ್ಲಿನ ಮಾತಿಗೇ ಮರಳಿದರೆ, ಆನೆಯ ದೂರದ ಬಂಧುವಾದ ಮ್ಯಾನಟಿ ಎಂಬ ಜಲಚರದಲ್ಲಿಯೂ ಹಲ್ಲುಗಳು ಹಿಂದಿನಿಂದ ಮುಂದಕ್ಕೇ ಸರಿಯುತ್ತವೆ. ಆದರೆ ಅದಕ್ಕೆ ಹೊಸ ಹಲ್ಲುಗಳು ಆಮರಣಾಂತವೂ ಹುಟ್ಟುತ್ತಲೇ ಇರುತ್ತವೆ.

ಮುದಿ ಆನೆಗಳು ಸಾಯುವುದಕ್ಕೆಂದೇ ಒಂದು ಗುಪ್ತ ಶ್ಮಶಾನವನ್ನು ಸೇರುತ್ತವೆಂಬ ಕಥೆಯ ಮೂಲವೂ ಈ ದವಡೆಯಲ್ಲಿಯೇ ಇದ್ದೀತು: ಹಲ್ಲು ಸೋತ ಆನೆ ಮೆತ್ತನೆಯ ಹುಲ್ಲು ದೊರೆಯುವ ಜೌಗಿನ ಅಂಚನ್ನು ಬಿಟ್ಟು ಹೋಗಲಾರದು, ಅಸ್ಥಿಗಳೂ ಅಲ್ಲಿಯೇ ಶೇಖರವಾಗುತ್ತವೆ. ಮನುಷ್ಯರ ಆರೈಕೆಯಲ್ಲಿ ಮೃದುವಾದ ಆಹಾರ ದೊರೆತರೆ ಆಯುಸ್ಸು ಇನ್ನೂ ಕೆಲಕಾಲ ಬೆಳೆಯುವುದುಂಟು. ಬರ್ಮದ ಯುದ್ಧಭೂಮಿಯಲ್ಲಿ ದುಡಿದು ಕಡೆಗೆ ತೈಪೆಯ ಮೃಗಾಲಯವನ್ನು ಸೇರಿದ ಲಿನ್ ವಾಂಗ್ ಎಂಬ ಗಂಡಾನೆ 2003ರಲ್ಲಿ ಮಡಿದಾಗ ಅದಕ್ಕೆ 86 ವರ್ಷವೆಂದು ಲೆಕ್ಕ. ದುಬಾರೆ, ಸಕ್ಕರೆಬೈಲುಗಳ ಬಿಡಾರಗಳಿಗೆ ಹೋದವರು ಆನೆಯ ಕಿವಿಯ ಮೇಲಂಚನ್ನೂ ಕಪೋಲದ ಕುಳಿಯನ್ನೂ ಲಕ್ಷ್ಯವಿಟ್ಟು ನೋಡಬೇಕು. ವಯಸ್ಸಾದಂತೆ ಆ ಅಂಚು ಮಡಿಚಿಕೊಳ್ಳುತ್ತದೆ, ಕುಳಿ ಆಳವಾಗುತ್ತದೆ, ಸೊಂಡಿಲ ಬುಡದಲ್ಲಿ ಬಣ್ಣ ಮಾಸುತ್ತದೆ.

ಇಷ್ಟು ತಿಳಿದ ಮೇಲೂ ಆನೆಯ ಬಾಲದ ಕೂದಲಿನ ಉಂಗುರವನ್ನು ತೊಟ್ಟರೆ ಭಯ ನಿವಾರಣೆಯಾಗುವುದೆಂದು, ಭಾಗ್ಯ ಬರುವುದೆಂದು ವಿದ್ಯಾವಂತರೂ ನಂಬುವುದನ್ನು ಕಂಡಾಗ ನನಗೆ ಸಂತಾಪವೂ ಕೋಪವೂ ಒಟ್ಟಿಗೆ ಉಂಟಾಗುತ್ತವೆ. ತನ್ನ ಹಲ್ಲಿನ ಸವೆತವನ್ನೇ ತಡೆಯಲಾರದ ಪ್ರಾಣಿಯ ರೋಮವು ನಮ್ಮ ಬೆರಳಿಗೆ ಯಾವ ರಕ್ಷೆಯನ್ನು ತಂದೀತು? ಆ ಕೂದಲು ನೊಣಗಳನ್ನು ಓಡಿಸಲು ಆನೆಗೇ ಬೇಕು. ಅದರ ವ್ಯಾಪಾರವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ಓದುಗರು ಅಂಥ ಉಂಗುರವನ್ನು ಕೊಳ್ಳಬಾರದೆಂದೂ, ಕೊಳ್ಳುವವರನ್ನು ಕಂಡರೆ ತಡೆಯಬೇಕೆಂದೂ ಪ್ರಾರ್ಥಿಸುತ್ತೇನೆ.