ಬೇಟೆನಾಯಿಯೂ ಐವತ್ತು ರೂಪಾಯಿಯೂ

ಮುಧೋಳದ ನಾಯಿಯ ಹೆಸರು ಕೇಳಿದರೆ ಪರಸ್ಥಳದಲ್ಲಿರುವ ನಮ್ಮ ಎದೆ ತುಸು ಉಬ್ಬುವುದುಂಟು. ಸಂಸ್ಥಾನದ ರಾಜರು ಅದರ ಜೋಡಿಯೊಂದನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಿತ್ತ ಕಥೆಯನ್ನು ಮಕ್ಕಳಿಗೆ ಹೇಳುತ್ತೇವೆ. 2005ರಲ್ಲಿ ಅದರ ಚಿತ್ರವುಳ್ಳ ಅಂಚೆಚೀಟಿಯೂ ಹೊರಟಿತು. ಆದರೆ ಆ ನಾಯಿಯನ್ನು ಒಡೆಯನೇ ಹಿಂಸಿಸಿದರೆ ಕಾಯಿದೆ ಏನು ಮಾಡೀತೆಂದು ನಾವು ವಿಚಾರಿಸಿದವರಲ್ಲ.

ಇರುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆ. ಮದರಾಸಿನ ರುಕ್ಮಿಣೀದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ಪಟ್ಟು ಹಿಡಿದು ಎತ್ತಿದ ಮಾತಿನ ಫಲವದು. ನಾಯಿಯನ್ನು ಬಡಿಯುವುದು, ಉಪವಾಸ ಕೆಡವುವುದು, ಸದಾ ಸರಪಳಿಯಲ್ಲಿಟ್ಟು ಅಡ್ಡಾಡಿಸದಿರುವುದು, ಹಸಿದು ಸಾಯಲೆಂಬಂತೆ ಬಿಟ್ಟುಬರುವುದು, ಎಲ್ಲವೂ ಅದರ 11ನೆಯ ಕಲಮಿನಂತೆ ಅಪರಾಧವೇ. ದಂಡ? ಮೊದಲ ಸಲ 10ರಿಂದ 50 ರೂಪಾಯಿ! ಅಂದು ಅದು ಕೈಕಚ್ಚುವ ಹಣ. ಇಂದು ಮುಂಬಯಿಯ ಉಡುಪಿ ಹೋಟೆಲಿನಲ್ಲಿ ಅದಕ್ಕೊಂದು ಮಸಾಲೆದೋಸೆ ಸಿಕ್ಕುವುದೂ ಸಂಶಯ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ಮಾತ್ರ ಮೂರು ತಿಂಗಳವರೆಗಿನ ಸೆರೆಯ ಮಾತು. ಈ ಅಪರಾಧಗಳಲ್ಲಿ ಹೆಚ್ಚಿನವಕ್ಕೆ ಪೋಲೀಸರು ವಾರಂಟಿಲ್ಲದೆ ಕೈಹಾಕುವಂತಿಲ್ಲ. ಮೂರು ತಿಂಗಳು ಕಳೆದರೆ ಮೊಕದ್ದಮೆ ಹೂಡುವಂತೆಯೂ ಇಲ್ಲ.

ಕೊಂದರೆ? 2023ರ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮು ಐದು ವರ್ಷದವರೆಗೆ ಸೆರೆ ಹೇಳುತ್ತದೆ. ಆದರೆ ಯಾರಿಗಾದರೂ ನಷ್ಟಮಾಡುವ ಉದ್ದೇಶ ಅಥವಾ ಅರಿವು ಇತ್ತೆಂದು ಸಿದ್ಧವಾಗಬೇಕು. ಕೊಂದವನೇ ಒಡೆಯನಾದರೆ ನಷ್ಟ ಯಾರದು? ಪ್ರತಿವಾದಿಯ ವಕೀಲರಿಗೆ ಇಷ್ಟು ಸಂದು ಸಾಕು.

ಬೇಟೆನಾಯಿಗೆ ಇನ್ನೊಂದು ತೊಡಕಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನಾಯಿ ಬಿಟ್ಟು ಕಾಡುಹಂದಿಯನ್ನು ಕೊಲ್ಲಿಸಿದವನಿಗೆ ಮೂರು ವರ್ಷದವರೆಗೆ ಸೆರೆಯಾದೀತು. ಅದು ಸರಿಯೇ. ಆದರೆ ಹಂದಿಯ ಕೋರೆಗೆ ಹೊಟ್ಟೆ ಸೀಳಿಸಿಕೊಂಡ ನಾಯಿಯನ್ನು ಅವನು ದವಾಖಾನೆಗೆ ಒಯ್ದಾನೆಯೇ? ಒಯ್ದರೆ ಬೇಟೆಯೇ ಬಯಲಾದೀತು. ಪೊದೆಯಲ್ಲಿ ಬಿಟ್ಟುಬಂದರೆ ಐವತ್ತು ರೂಪಾಯಿ, ಅದೂ ಕಂಡವರಿದ್ದರೆ. ಹಂದಿಯನ್ನು ಕಾಯುವ ಕಾಯಿದೆಯೇ ನಾಯಿಯ ಗಾಯವನ್ನು ಮುಚ್ಚಿಡುವಂತೆ ಮಾಡುತ್ತದೆಂದು ನಮಗೆ ತೋರುತ್ತದೆ.

ದಂಡ ಹೆಚ್ಚಿಸುವ ತಿದ್ದುಪಡಿಯ ಕರಡನ್ನು 2022ರ ನವೆಂಬರಿನಲ್ಲಿ ಕೇಂದ್ರ ಸರಕಾರ ಜನರ ಅಭಿಪ್ರಾಯಕ್ಕೆ ಬಿಟ್ಟಿತು. ನಾವೋ, ಆ ನಾಯಿಯ ಹೆಮ್ಮೆಗೆ ಮೊದಲು ಬರುವವರು, ಆಗ ಎಷ್ಟು ಮಂದಿ ಒಂದು ಕಾಗದ ಬರೆದೆವು?

ನೆರೆಮನೆಯ ಗ್ಯಾಲರಿಯಲ್ಲಿ ಹಗಲಿರುಳು ಕಟ್ಟಿದ ಇಂಥ ನಾಯಿ ಕಂಡರೆ ಮೊದಲು ಒಡೆಯನೊಡನೆ ಮಾತಾಡಿರಿ. ಮಾತು ಸಾಗದಿದ್ದರೆ ಫಿರ್ಯಾದನ್ನು ಬರಹದಲ್ಲಿ ಕೊಡಿರಿ, ಪಶುವೈದ್ಯರ ಚೀಟಿ ಇಟ್ಟುಕೊಳ್ಳಿರಿ. ಮೂರು ತಿಂಗಳ ಎಣಿಕೆ ಮಾತ್ರ ಚೀಟಿಯ ತಾರೀಖಿನಿಂದಲ್ಲ, ಅಪರಾಧ ನಡೆದ ದಿನದಿಂದ.