ಸನ್ನಿಯೋ, ಅರಳುಮರಳೋ?

ನಿನ್ನೆಯವರೆಗೆ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದ ಎಪ್ಪತ್ತೈದರ ಅಜ್ಜಿ ಇಂದು ಸಂಜೆ ಮಗನನ್ನೇ ಗುರುತಿಸಳು. ಬರಿಯ ಗೋಡೆಯ ಮೇಲೆ ಏನೋ ಹರಿಯುತ್ತಿದೆ ಎನ್ನುವಳು. ಶಿಡ್ಲಘಟ್ಟದ ಕಡೆ ಇಂಥದು ನಡೆದರೆ, ‘ವಯಸ್ಸಾಯಿತು, ಅರಳುಮರಳು’ ಎಂದು ಸುಮ್ಮನಾಗುವವರುಂಟು. ಗಾಳಿ ಸೋಕಿತೆಂದು ಯಂತ್ರ ಕಟ್ಟಿಸುವವರೂ ಉಂಟು. ಎರಡರಿಂದಲೂ ಅಮೂಲ್ಯವಾದ ಹೊತ್ತು ಕಳೆದುಹೋಗುತ್ತದೆ.

ಅರಳುಮರಳು ವರ್ಷಗಟ್ಟಲೆ ಮೆಲ್ಲಗೆ ಕವಿಯುವಂಥದು. ಸನ್ನಿ ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಕೆಲವು ದಿನಗಳಲ್ಲಿ ಎರಗುವಂಥದು. ವೈದ್ಯರು ಇದನ್ನು ಡೆಲಿರಿಯಂ ಎನ್ನುತ್ತಾರೆ. ಆ ಲ್ಯಾಟಿನ್ ಪದದ ಮೂಲಾರ್ಥ, ನೇಗಿಲು ಸಾಲು ಬಿಟ್ಟು ಹೊರಳುವುದು. ಇಲ್ಲಿ ಮೊದಲು ಸಾಲು ತಪ್ಪುವುದು ಗಮನ. ಬೆಳಿಗ್ಗೆ ಸರಿಯಾಗಿ ಮಾತನಾಡಿದವರು ರಾತ್ರಿ ಬಡಬಡಿಸಬಹುದು. ಎಲ್ಲರೂ ಕೂಗಾಡುವುದಿಲ್ಲ, ಕೆಲವರು ಮಂಕಾಗಿ, ಮಾತಿಲ್ಲದೆ ಮಲಗಿಬಿಡುತ್ತಾರೆ. ಈ ಮೌನದ ಸನ್ನಿಯೇ ಹೆಚ್ಚಾಗಿ ಕಣ್ತಪ್ಪುವುದು.

ಸನ್ನಿ ಮಿದುಳಿನಲ್ಲಿ ಕಂಡರೂ ಕಾರಣ ಬೇರೆಡೆ ಇರಬಹುದು: ಮೂತ್ರದ ಅಥವಾ ಶ್ವಾಸಕೋಶದ ಸೋಂಕು, ನೀರು ಸಾಲದಿರುವುದು, ರಕ್ತದಲ್ಲಿ ಉಪ್ಪಿನಂಶ ಇಲ್ಲವೆ ಸಕ್ಕರೆ ಇಳಿಯುವುದು, ಮೂತ್ರ ಕಟ್ಟುವುದು, ಮಲಬದ್ಧತೆ, ಶಸ್ತ್ರಚಿಕಿತ್ಸೆ, ನಿತ್ಯ ಕುಡಿಯುವವರು ಥಟ್ಟನೆ ಬಿಡುವುದು. ನಿದ್ರೆಯ ಮಾತ್ರೆ, ನೆಗಡಿಯ ಕೆಲವು ಮಾತ್ರೆಗಳೂ ವೃದ್ಧರಲ್ಲಿ ಸನ್ನಿ ತರಬಲ್ಲವು.

ಇದನ್ನು ಗುರುತಿಸುವ ಸುಲಭ ಕ್ರಮವೊಂದನ್ನು ಅಮೆರಿಕದ ಡಾ. ಶೆರನ್ ಇನೌಯೆ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದರು. ಥಟ್ಟನೆ ಬಂದು ಏರಿಳಿಯುವ ಬದಲಾವಣೆ, ನಿಲ್ಲದ ಗಮನ, ಇವೆರಡೂ ಇರಬೇಕು. ಜೊತೆಗೆ ಅಸಂಬದ್ಧ ಮಾತಾಗಲಿ ಎಚ್ಚರದ ವ್ಯತ್ಯಾಸವಾಗಲಿ ಇರಬೇಕು. ಗಮನವನ್ನು ಅಳೆಯಲು ವಾರಗಳನ್ನು ಹಿಂದುಮುಂದಾಗಿ, ಶನಿವಾರ, ಶುಕ್ರವಾರ ಎಂದು ಹೇಳಿಸಬಹುದು. ಗೌರಿಬಿದನೂರು, ಚಿಂತಾಮಣಿಗಳಲ್ಲಿ ಮನೆಮಾತು ತೆಲುಗಾದವರು ಅನೇಕರು; ಅವರನ್ನು ತೆಲುಗಿನಲ್ಲೇ ಕೇಳಬೇಕು.

ಅದೇ ತಂಡ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಸ್ಪತ್ರೆ ಸೇರಿದ, 70 ವರ್ಷ ತುಂಬಿದ 852 ಮಂದಿ ಇದ್ದರು. ಸಾಮಾನ್ಯ ಆರೈಕೆ ಪಡೆದವರಲ್ಲಿ ನೂರಕ್ಕೆ 15 ಮಂದಿಗೆ ಸನ್ನಿಯಾಯಿತು. ವಿಶೇಷ ಆರೈಕೆ ಪಡೆದವರಲ್ಲಿ ಸುಮಾರು 10 ಮಂದಿಗೆ. ಆ ಆರೈಕೆಯಲ್ಲಿದ್ದುದೇನು? ಕನ್ನಡಕ, ಕಿವಿಯ ಯಂತ್ರ ಕೊಡುವುದು, ನೀರು ಕುಡಿಸುವುದು, ನಡೆಸುವುದು, ರಾತ್ರಿ ಗದ್ದಲವಿಲ್ಲದೆ ಮಲಗಗೊಡುವುದು, ಇಂದು ಯಾವ ದಿನ, ಇದು ಯಾವ ಸ್ಥಳ ಎಂದು ನೆನಪಿಸುವುದು. ನಮ್ಮ ಮನೆಮಂದಿಗೂ ಸಾಧ್ಯವಾದ ಕೆಲಸಗಳೇ.

ಚಿಂತಾಮಣಿಯ ನೆರೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, 45 ದಾಟಿದವರ ನೆನಪು, ಬುದ್ಧಿಗಳನ್ನು ಹಲವು ವರ್ಷ ಗಮನಿಸುವ ಅಧ್ಯಯನವನ್ನು ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ 2018ರಲ್ಲಿ ಆರಂಭಿಸಿತು. ಅದರ ವಿಷಯ ಸನ್ನಿಯಲ್ಲ, ಅರಳುಮರಳು. ಆದರೆ ಎರಡಕ್ಕೂ ನಂಟುಂಟು: ಅರಳುಮರಳಿನವರಿಗೆ ಸನ್ನಿ ಬೇಗ ತಗಲುತ್ತದೆ; ಸನ್ನಿ ಬಂದುಹೋದವರಲ್ಲಿ ಮುಂದೆ ಅರಳುಮರಳಿನ ಸಂಭವ ಹೆಚ್ಚು.

ಆದುದರಿಂದ ಹಿರಿಯರ ಬುದ್ಧಿ ಥಟ್ಟನೆ ಕದಡಿದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಬಹುದು. ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಜೊತೆಗೆ ಒಯ್ಯಿರಿ. ‘ಮೊನ್ನೆಯವರೆಗೆ ಇವರು ಹೀಗಿರಲಿಲ್ಲ’ ಎಂಬ ಮಾತನ್ನು ವೈದ್ಯರಿಗೆ ತಪ್ಪದೆ ಹೇಳಿರಿ. ಅದನ್ನು ಬಲ್ಲವರು ಮನೆಯವರು ಮಾತ್ರ.