ಪರಿಚರ್ಯೆಯ ಕನಿಷ್ಠ ಪ್ರಮಾಣ: ಕೊಪಣದ ಒಂದು ಶಾಸನದ ಹಿನ್ನೆಲೆಯಲ್ಲಿ

ರೋಗಿಗಳು, ವೃದ್ಧರು, ಅಂಗವಿಕಲರು ಮೊದಲಾದವರನ್ನು ಮನೆಯ ಹೊರಗಿನ ಒಂದು ಸಂಸ್ಥೆಯಲ್ಲಿ ಇರಿಸಿಕೊಂಡು ಪೋಷಿಸುವ ಪದ್ಧತಿಯು ನಮ್ಮ ನಾಡಿಗೆ ಹೊಸದಲ್ಲ. ಬಳ್ಳಿಗಾವೆಯ ಕೋಡಿಯಮಠವು ದೀನರಿಗೂ ಕುಂಟರು, ಕುರುಡರು, ಕಿವುಡರಿಗೂ ಅನ್ನವನ್ನು ನೀಡುವ ಸ್ಥಾನವಾಗಿದ್ದಿತೆಂದೂ ನಾನಾ ಬಗೆಯ ರೋಗಿಗಳಿಗೆ ಚಿಕಿತ್ಸೆಯ ಸ್ಥಾನವಾಗಿದ್ದಿತೆಂದೂ ಕ್ರಿ.ಶ. ೧೧೬೨ರ ಶಾಸನವು ವರ್ಣಿಸುತ್ತದೆ. ಕರ್ಣಾಟಕದ ಸಾಂಸ್ಕೃತಿಕ ಇತಿಹಾಸವನ್ನು ಬರೆದವರಲ್ಲಿ ಇದನ್ನು ಉದಾಹರಿಸದವರು ವಿರಳ. ಆದರೆ ಇಂತಹ ಶಾಸನಗಳು ಅನ್ನೌಷಧಗಳ ವಿಚಾರವನ್ನು ತಿಳಿಸುವಷ್ಟಕ್ಕೆ ನಿಲ್ಲುತ್ತವೆ. ಹಾಸಿಗೆ ಹಿಡಿದವನನ್ನು ಮಗ್ಗುಲಿಗೆ ಹೊರಳಿಸುತ್ತಿದ್ದವರು ಯಾರು, ರಾತ್ರಿಯಲ್ಲಿ ಎಚ್ಚರವಾಗಿರುತ್ತಿದ್ದವರು ಎಷ್ಟು ಮಂದಿ, ಮಲಮೂತ್ರಗಳನ್ನು ತೆಗೆದು ಹಾಸಿಗೆಯನ್ನು ಶುದ್ಧಗೊಳಿಸುವ ಹೊಣೆ ಯಾರದು ಎಂಬ ಪ್ರಶ್ನೆಗಳಿಗೆ ಅವುಗಳಲ್ಲಿ ಉತ್ತರವಿಲ್ಲ. ಒಂದು ಸಂಸ್ಥೆಯ ಆರೈಕೆಯ ಗುಣಾವಗುಣಗಳು ಬಹುಮಟ್ಟಿಗೆ ಇವುಗಳಿಂದಲೇ ನಿರ್ಣಯವಾಗತಕ್ಕವು. ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಲು ಕೊಪ್ಪಳದ ಒಂದು ಶಾಸನವೂ ಅದರ ಹಿಂದಿರುವ ಒಂದು ಪ್ರಾಕೃತ ಗ್ರಂಥವೂ ನೆರವಾಗುತ್ತವೆ.

ಕೊಪ್ಪಳದ ಪ್ರಾಚೀನ ನಾಮ ಕೊಪಣ. ತಿರುಳ್ಗನ್ನಡದ ಸೀಮೆಯನ್ನು ಹೇಳುವಾಗ ಕವಿರಾಜಮಾರ್ಗವು ಕಿಸುವೊಳಲು, ಪುಲಿಗೆರೆ, ಒಕ್ಕುಂದಗಳೊಡನೆ ಈ ನಗರವನ್ನೂ ಎಣಿಸಿರುವುದು ವಿದ್ಯಾರ್ಥಿಗಳಿಗೆ ತಿಳಿದ ವಿಷಯವೇ ಆಗಿದೆ. ಗವಿಮಠ ಹಾಗೂ ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳು ೧೯೩೧ರಲ್ಲಿ ಬೆಳಕಿಗೆ ಬಂದುವು. ಮುಂದಿನ ಶತಮಾನಗಳಲ್ಲಿ ಈ ಸ್ಥಳವು ಜೈನರ ಮಹಾತೀರ್ಥವಾಗಿ, ಸಲ್ಲೇಖನವ್ರತದಿಂದ ದೇಹತ್ಯಾಗ ಮಾಡಬಯಸುವವರು ದೂರದಿಂದ ಬಂದು ಸೇರುವ ಕ್ಷೇತ್ರವಾಯಿತು. ಇಲ್ಲಿಯ ಕನ್ನಡ ಶಾಸನಗಳನ್ನು ಶ್ರೀ ಸಿ. ಆರ್. ಕೃಷ್ಣಮಾಚಾರ್ಲು ಅವರು ಸಂಪಾದಿಸಿ, ಅವು ಹೈದರಾಬಾದು ಪುರಾತತ್ತ್ವ ಇಲಾಖೆಯ ಮಾಲೆಯಲ್ಲಿ ೧೯೩೫ರಲ್ಲಿ ಪ್ರಕಟವಾದುವು. ಶ್ರೀ ಪಿ. ಬಿ. ದೇಸಾಯಿ ಅವರು ದಕ್ಷಿಣ ಭಾರತದ ಜೈನಧರ್ಮವನ್ನು ಕುರಿತ ೧೯೫೭ರ ಗ್ರಂಥದಲ್ಲಿ ಇವುಗಳನ್ನು ಮತ್ತಷ್ಟು ವಿಶದವಾಗಿ ಚರ್ಚಿಸಿದ್ದಾರೆ.

ಈ ಶಾಸನಗಳಲ್ಲಿ ಒಂದು ಸಿಂಹನಂದಿ ತಮ್ಮಡಿಗಳ ದೇಹತ್ಯಾಗಕ್ಕೆ ಸಂಬಂಧಿಸಿದುದು. ಅವರು ಒಂದು ತಿಂಗಳ ಕಾಲ ವ್ರತದಲ್ಲಿದ್ದು ಇಂಗಿಣೀಮರಣವನ್ನು ಪಡೆದರು. ಆ ಸ್ಥಳದಲ್ಲಿ ಕಲ್ಯಾಣಕೀರ್ತಿಯು ಜಿನಚೈತ್ಯವನ್ನು ಮಾಡಿಸಿದನು. ಇಷ್ಟೇ ಆಗಿದ್ದರೆ ಇದು ನೂರಾರು ನಿಸಿದಿ ಶಾಸನಗಳಲ್ಲಿ ಮತ್ತೊಂದಾಗಿ ಉಳಿಯುತ್ತಿದ್ದಿತು. ಆದರೆ ಆ ಒಂದು ತಿಂಗಳು ಅವರಿಗೆ ‘ವೈಯಾವೃತ್ಯ’ವನ್ನು ಮಾಡಿದವರ ಹೆಸರುಗಳನ್ನೂ ಶಾಸನವು ದಾಖಲಿಸಿದೆ. ಮತಿಸಾಗರ, ನರಲೋಕಮಿತ್ರ ಇವರೇ ಮೊದಲಾಗಿ ಅವರು ನಾಲ್ವರು. ವೈಯಾವೃತ್ಯವೆಂದರೆ ರೋಗಿ, ವೃದ್ಧ, ತಪಸ್ವಿ ಮೊದಲಾದವರಿಗೆ ಸಲ್ಲಿಸುವ ದೈಹಿಕ ಪರಿಚರ್ಯೆ. ಜೈನಶಾಸ್ತ್ರದಲ್ಲಿ ಇದನ್ನು ಆರು ಅಭ್ಯಂತರ ತಪಸ್ಸುಗಳಲ್ಲಿ ಒಂದೆಂದು ಪರಿಗಣಿಸಲಾಗಿದೆ. ದಾನಿಯ ಹೆಸರು, ಗುರುಪರಂಪರೆ, ಅರಸನ ಬಿರುದು ಇವು ಕಲ್ಲಿನ ಮೇಲೆ ಸಾಮಾನ್ಯವಾಗಿ ಕಾಣುವಂಥವು. ಶುಶ್ರೂಷೆ ಮಾಡಿದವರ ಹೆಸರು ಅಪೂರ್ವ.

ನಾಲ್ವರೆಂಬ ಈ ಸಂಖ್ಯೆಯು ಆಕಸ್ಮಿಕವಾದುದೆಂದು ತೋರುವುದಿಲ್ಲ. ಶಿವಾರ್ಯನು ಶೌರಸೇನೀ ಪ್ರಾಕೃತದಲ್ಲಿ ರಚಿಸಿದ ‘ಭಗವತೀ ಆರಾಧನಾ’ ಎಂಬ ಗ್ರಂಥವು ಎರಡು ಸಾವಿರಕ್ಕೂ ಹೆಚ್ಚು ಗಾಥೆಗಳಲ್ಲಿ ಸಲ್ಲೇಖನದ ವಿಧಿಯನ್ನು ವಿಸ್ತರಿಸುತ್ತದೆ. ಇದರ ಕರ್ತೃವು ಯಾಪನೀಯ ಸಂಘಕ್ಕೆ ಸೇರಿದವನೆಂದು ನಾಥೂರಾಮ ಪ್ರೇಮಿ ಮೊದಲಾದ ವಿದ್ವಾಂಸರ ಮತ. ಆ ಸಂಘವು ಉತ್ತರ ಕರ್ಣಾಟಕದಲ್ಲಿ ಪ್ರಬಲವಾಗಿದ್ದಿತು. ವ್ರತವನ್ನು ಕೈಗೊಂಡವನನ್ನು ‘ಕ್ಷಪಕ’ನೆಂದೂ ಅವನನ್ನು ನೋಡಿಕೊಳ್ಳುವವರನ್ನು ‘ನಿರ್ಯಾಪಕ’ರೆಂದೂ ಕರೆಯುವ ಈ ಗ್ರಂಥವು, ಭಕ್ತಪ್ರತ್ಯಾಖ್ಯಾನವೆಂಬ ಕ್ರಮದಲ್ಲಿ ವ್ರತದ ಪರಮಾವಧಿಯನ್ನು ಹನ್ನೆರಡು ವರ್ಷಗಳೆಂದು ಹೇಳುತ್ತದೆ. ಆದುದರಿಂದ ಇದು ನಾಲ್ಕಾರು ದಿನಗಳ ಉಪಚಾರದ ಮಾತಷ್ಟೇ ಅಲ್ಲ. ದೀರ್ಘಕಾಲದ ಪಾಲನೆಯ ವ್ಯವಸ್ಥೆಯೂ ಇಲ್ಲಿ ಉದ್ದಿಷ್ಟವಾಗಿದೆ.

ಮೊದಲನೆಯದು ಸ್ಥಳದ ವಿಚಾರ. ಗಾಯನ ನರ್ತನಗಳು ನಡೆಯುವೆಡೆ, ಆನೆ ಕುದುರೆಗಳ ಲಾಯ, ಗಾಣ, ಕುಂಬಾರರ ಮನೆ ಇವುಗಳ ಸಮೀಪದಲ್ಲಿ ಕ್ಷಪಕನ ವಸತಿ ಇರಕೂಡದು. ಗೋಡೆಗಳು ಭದ್ರವಾಗಿರಬೇಕು, ಬಾಗಿಲುಗಳಿರಬೇಕು. ಹಾಸಿಗೆಯು ನೆಲ, ಶಿಲೆ, ಮರದ ಹಲಗೆ, ಹುಲ್ಲು ಎಂದು ನಾಲ್ಕು ಬಗೆ. ನೆಲವಾದರೆ ಸಮವಾಗಿ, ಬಿಲವಿಲ್ಲದೆ, ಕ್ರಿಮಿಕೀಟಗಳಿಲ್ಲದೆ ಇರತಕ್ಕದ್ದು. ಶಿಲೆಯಾದರೆ ಒಡೆದಿರಬಾರದು, ಅಲುಗಾಡಬಾರದು, ಬೆಳಕಿನಲ್ಲಿರಬೇಕು. ಹುಲ್ಲಾದರೆ ಗಂಟುಗಳಿಲ್ಲದೆ ಮೃದುವಾಗಿರಬೇಕು. ಹಿಂಸೆಯಾಗಬಾರದೆಂಬ ಧಾರ್ಮಿಕ ದೃಷ್ಟಿ ಇದರಲ್ಲಿ ಪ್ರಧಾನವಾಗಿದ್ದರೂ, ಎದ್ದೇಳಲಾರದ ಮನುಷ್ಯನು ಹಾಸಿಗೆಯ ಮೇಲೆ ಏನನ್ನು ಅನುಭವಿಸುತ್ತಾನೆಂಬುದನ್ನು ಹತ್ತಿರದಿಂದ ಕಂಡವರ ಮಾತಿದು.

ಎರಡನೆಯದು ಜನರ ವಿಚಾರ. ಉತ್ತಮ ಪಕ್ಷದಲ್ಲಿ ನಲವತ್ತೆಂಟು ನಿರ್ಯಾಪಕರು ಬೇಕು. ಅವರನ್ನು ನಾಲ್ಕು ನಾಲ್ಕು ಜನರ ಹನ್ನೆರಡು ತಂಡಗಳಾಗಿ ಹಂಚಲಾಗಿದೆ. ಕ್ಷಪಕನ ಮೈಕೈಗಳನ್ನು ಸವರಿ, ಎಬ್ಬಿಸಿ, ಕುಳ್ಳಿರಿಸಿ, ಮಲಗಿಸಿ, ಹೊರಳಿಸುವವರು ನಾಲ್ವರು. ಧರ್ಮಕಥೆಯನ್ನು ಹೇಳುವವರು ನಾಲ್ವರು. ಆಹಾರವನ್ನು ತರುವವರು, ಪಾನವನ್ನು ತರುವವರು, ತಂದುದನ್ನು ಕಾಯುವವರು ಪ್ರತ್ಯೇಕವಾಗಿ ನಾಲ್ವರು. ಮಲಮೂತ್ರಗಳನ್ನು ತೆಗೆದು ವಸತಿಯನ್ನೂ ಹಾಸಿಗೆಯನ್ನೂ ಶೋಧಿಸುವವರು ನಾಲ್ವರು. ಕ್ಷಪಕನ ಬಾಗಿಲಿಗೆ ನಾಲ್ವರು, ಸಭೆಯ ಬಾಗಿಲಿಗೆ ನಾಲ್ವರು. ರಾತ್ರಿ ಜಾಗರಣೆಗೆ ನಾಲ್ವರು. ಸುತ್ತಣ ಪ್ರದೇಶದ ಕ್ಷೇಮವಾರ್ತೆಯನ್ನು ಅರಿತುಕೊಳ್ಳುವವರು ನಾಲ್ವರು. ಹೊರಗೆ ನೆರೆದ ಜನರಿಗೆ ಉಪದೇಶಿಸುವವರು, ವಾದಿಗಳನ್ನು ಎದುರಿಸುವವರು ಉಳಿದ ಎಂಟು ಮಂದಿ. ತರುವವನೇ ಕಾಯುವವನಾಗಬಾರದೆಂಬ, ಹಗಲಿನ ಕೆಲಸದವನ ಮೇಲೆಯೇ ರಾತ್ರಿಯ ಹೊಣೆಯನ್ನೂ ಹೊರಿಸಬಾರದೆಂಬ ವಿವೇಕವು ಈ ವಿಭಜನೆಯಲ್ಲಿ ಸ್ಪಷ್ಟವಾಗಿದೆ.

ನಲವತ್ತೆಂಟು ಮಂದಿ ಎಲ್ಲ ಕಾಲದಲ್ಲಿಯೂ ದೊರೆಯುವರೇ? ದೊರೆಯರೆಂಬುದನ್ನು ಗ್ರಂಥಕಾರನೇ ಬಲ್ಲನು. ಕಾಲವು ಕೆಟ್ಟಂತೆಲ್ಲ ನಲವತ್ತನಾಲ್ಕು, ನಲವತ್ತು ಎಂದು ನಾಲ್ಕು ನಾಲ್ಕಾಗಿ ಇಳಿಸುತ್ತ ಕೊನೆಗೆ ನಾಲ್ವರಿಗೆ ಬರಬಹುದೆನ್ನುತ್ತಾನೆ. ಅತ್ಯಂತ ಕಷ್ಟದಲ್ಲಿ ಇಬ್ಬರು. ಒಬ್ಬನೇ ನಿರ್ಯಾಪಕನಿರುವುದು ಮಾತ್ರ ಸರ್ವಥಾ ನಿಷಿದ್ಧ. ಇದಕ್ಕೆ ಕೊಡುವ ಕಾರಣವು ಗಮನಾರ್ಹವಾದುದು. ಒಬ್ಬನೇ ಇದ್ದಾಗ ಅವನು ಭಿಕ್ಷೆಗೆ ಹೊರಟರೆ ಕ್ಷಪಕನನ್ನು ತೊರೆದಂತಾಗುತ್ತದೆ. ಹೊರಡದೆ ಕುಳಿತರೆ ತನ್ನ ಆಹಾರ, ನಿದ್ರೆ, ಆವಶ್ಯಕ ಕ್ರಿಯೆಗಳನ್ನು ತೊರೆಯಬೇಕಾಗುತ್ತದೆ. ಹೇಗಾದರೂ ಒಬ್ಬರು ಕೆಡುವರು. ಕಡೆಗೆ ಇಬ್ಬರೂ ಕೆಡುವರು. ಏಕಾಕಿಯಾದ ಪರಿಚಾರಕನಲ್ಲಿ ಕರುಣೆ ಇಲ್ಲವೆಂದು ಗ್ರಂಥಕಾರನು ಹೇಳುವುದಿಲ್ಲ. ಎಷ್ಟೇ ಕರುಣೆಯುಳ್ಳವನಾದರೂ ಅವನ ಶರೀರವೂ ಶರೀರವೇ ಎಂಬುದು ಅವನ ತರ್ಕ. ಪರಿಚರ್ಯೆಯ ಲೋಪವನ್ನು ವ್ಯಕ್ತಿಯ ದೋಷವೆನ್ನದೆ ಏರ್ಪಾಡಿನ ದೋಷವೆಂದು ಕಂಡ ಈ ದೃಷ್ಟಿಗೆ ನಮ್ಮ ಪ್ರಾಚೀನ ವಾಙ್ಮಯದಲ್ಲಿ ಹೆಚ್ಚಿನ ಸಾಟಿಗಳಿಲ್ಲವೆಂದೇ ಹೇಳಬೇಕು.

ಸಿಂಹನಂದಿಯ ಶಾಸನದ ನಾಲ್ವರು ಈ ಕನಿಷ್ಠ ಪ್ರಮಾಣಕ್ಕೆ ಸರಿಯಾಗಿ ಹೊಂದುತ್ತಾರೆ. ಆದರೆ ಇಲ್ಲಿ ಒಂದು ತೊಡಕಿದೆ. ಶಾಸ್ತ್ರದ ಪ್ರಕಾರ ಭಕ್ತಪ್ರತ್ಯಾಖ್ಯಾನದಲ್ಲಿ ಸ್ವಂತ ಉಪಚಾರವೂ ಪರರ ಉಪಚಾರವೂ ಉಂಟು. ಇಂಗಿಣಿಯಲ್ಲಿ ಪರರ ಉಪಚಾರವಿಲ್ಲ. ಪ್ರಾಯೋಪಗಮನದಲ್ಲಿ ಎರಡೂ ಇಲ್ಲ. ಹೀಗಿರುವಲ್ಲಿ ಇಂಗಿಣೀಮರಣವನ್ನು ಪಡೆದವರಿಗೆ ನಾಲ್ವರು ವೈಯಾವೃತ್ಯ ಮಾಡಿದರೆಂಬುದು ಹೇಗೆ ಸಂಗತವಾದೀತು? ಶಾಸನಕಾರನು ಪಾರಿಭಾಷಿಕ ಪದವನ್ನು ಸಡಿಲವಾಗಿ ಬಳಸಿದನೆನ್ನುವುದು ಸುಲಭವಾದ ಉತ್ತರ. ಆದರೆ ಮೇಲಿನ ಹನ್ನೆರಡು ತಂಡಗಳಲ್ಲಿ ಬಾಗಿಲು ಕಾಯುವುದು, ರಾತ್ರಿ ಎಚ್ಚರವಿರುವುದು, ಧರ್ಮಕಥೆ ಹೇಳುವುದು ಇವು ಶರೀರವನ್ನು ಮುಟ್ಟದ ಸೇವೆಗಳೆಂಬುದನ್ನು ಗಮನಿಸಬೇಕು. ನಾಲ್ವರೂ ಇಂತಹ ಸೇವೆಯಲ್ಲಿಯೇ ಇದ್ದಿರಬಹುದೆಂದು ಈ ಲೇಖಕನ ಊಹೆ. ಮುಟ್ಟದೆಯೂ ಕಾಯಬೇಕಾದ ಸಂದರ್ಭಗಳಿವೆ.

ಕಥೆ ಹೇಳುವುದೂ ಸೇವೆಯೆಂದೊಡನೆ ಕನ್ನಡ ವಿದ್ಯಾರ್ಥಿಗಳಿಗೆ ವಡ್ಡಾರಾಧನೆಯು ನೆನಪಾಗದಿರದು. ೧೯೪೯ರಲ್ಲಿ ಡಿ. ಎಲ್. ನರಸಿಂಹಾಚಾರ್ಯರು ಸಂಪಾದಿಸಿ ಪ್ರಕಟಿಸಿದ ಆ ಕೃತಿಯ ಹತ್ತೊಂಬತ್ತು ಕಥೆಗಳ ಮೂಲವು ಇದೇ ಪ್ರಾಕೃತ ಗ್ರಂಥದ ‘ಕವಚ’ವೆಂಬ ಭಾಗದಲ್ಲಿದೆ. ವೇದನೆಯಿಂದ ಕ್ಷಪಕನ ಮನಸ್ಸು ಕದಡಿದಾಗ ಆಚಾರ್ಯನು ಆಡುವ ಧೈರ್ಯದ ಮಾತುಗಳೇ ಆ ಕವಚ. ನಾವು ಸಾಹಿತ್ಯವೆಂದು ಓದುವ ಆ ಕಥೆಗಳ ಬೇರು ಹಾಸಿಗೆಯ ಬದಿಯ ಮಾತಿನಲ್ಲಿದೆ.

ಈ ವ್ಯವಸ್ಥೆಯನ್ನು ಇಂದಿನ ಶುಶ್ರೂಷಾಗೃಹಕ್ಕೆ ಸಮನೆಂದು ಭಾವಿಸುವುದು ತಪ್ಪಾಗುತ್ತದೆ. ಇದರ ಉದ್ದೇಶ ರೋಗಶಮನವಾಗಿರಲಿಲ್ಲ, ಸಮಾಧಿಮರಣವಾಗಿದ್ದಿತು. ಸಲ್ಲೇಖನವು ಕಾನೂನಿಗೆ ಒಪ್ಪುವುದೇ ಎಂಬ ವಿವಾದವೂ ಉಂಟು. ರಾಜಸ್ಥಾನದ ಉಚ್ಚ ನ್ಯಾಯಾಲಯವು ೨೦೧೫ರ ಆಗಸ್ಟಿನಲ್ಲಿ ಅದನ್ನು ದಂಡನೀಯವೆಂದಿತು, ಅದೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಿತ್ತಿತು. ಆ ಚರ್ಚೆ ಇಲ್ಲಿ ಅಪ್ರಸ್ತುತ. ಪರಾಧೀನನಾದ ಒಬ್ಬನನ್ನು ಕಾಯಲು ಎಷ್ಟು ಜನ ಬೇಕೆಂಬ ಪ್ರಶ್ನೆಯು ಅವನು ಗುಣಹೊಂದಲಿ, ಹೊಂದದಿರಲಿ, ಒಂದೇ.

ಸಿಂಹನಂದಿಯ ಕೊಪಣವು ಇಂದು ಒಂದು ಜಿಲ್ಲೆಯ ಕೇಂದ್ರ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳು ೧೯೯೭ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಈ ಜಿಲ್ಲೆಯಾದುವು. ಕುಕನೂರು, ಕನಕಗಿರಿ, ಕಾರಟಗಿ ತಾಲ್ಲೂಕುಗಳು ಆಮೇಲಿನವು. ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಗೆ ಸಂಬಂಧಿಸಿದ ೨೦೦೭ರ ಕೇಂದ್ರ ಕಾಯಿದೆಯ ೧೯ನೆಯ ವಿಧಿಯು ಜಿಲ್ಲೆಗೆ ಒಂದಾದರೂ ವೃದ್ಧಾಶ್ರಮವನ್ನು, ಕನಿಷ್ಠ ೧೫೦ ಮಂದಿ ನಿರ್ಗತಿಕ ಹಿರಿಯರಿಗೆ ಸ್ಥಳವಿರುವಂತೆ, ರಾಜ್ಯ ಸರ್ಕಾರವು ಸ್ಥಾಪಿಸಬಹುದೆನ್ನುತ್ತದೆ. ‘ಸ್ಥಾಪಿಸಬಹುದು’ ಎಂದಿದೆಯೇ ಹೊರತು ‘ಸ್ಥಾಪಿಸತಕ್ಕದ್ದು’ ಎಂದಿಲ್ಲ. ವಾಸಿಸುವವರ ಸಂಖ್ಯೆಯನ್ನು ಗೊತ್ತುಮಾಡಿದ ಈ ವಿಧಿಯು ಅವರನ್ನು ನೋಡಿಕೊಳ್ಳುವವರ ಸಂಖ್ಯೆಯನ್ನು ಹೇಳುವುದಿಲ್ಲ. ಸೇವೆಗಳ ಮಟ್ಟವನ್ನು ನಿಯಮಿಸುವ ಕಾರ್ಯವನ್ನು ರಾಜ್ಯಗಳಿಗೆ ಬಿಟ್ಟಿದೆ. ಇಂತಹ ಗೃಹಗಳ ನೋಂದಣಿಯನ್ನೂ ಕನಿಷ್ಠ ಮಟ್ಟಗಳನ್ನೂ ವಿಧಿಸಲು ೨೦೧೯ರಲ್ಲಿ ಲೋಕಸಭೆಯ ಮುಂದೆ ಬಂದ ತಿದ್ದುಪಡಿ ಮಸೂದೆಯು ಅಂಗೀಕಾರವಾಗದೆ ೨೦೨೪ರಲ್ಲಿ ಆ ಸಭೆಯ ಅವಧಿಯೊಡನೆ ಬಿದ್ದುಹೋಯಿತು. ನೂರೈವತ್ತು ಜನರಿಗೆ ರಾತ್ರಿಯ ವೇಳೆ ಎಚ್ಚರವಿರುವವನು ಒಬ್ಬನಾದರೆ ಸಾಕೇ ಎಂಬ ಪ್ರಶ್ನೆಗೆ ಕಾಯಿದೆಯ ಪಾಠದಲ್ಲಿ ಉತ್ತರ ಸಿಕ್ಕುವುದಿಲ್ಲ. ಶಿವಾರ್ಯನು ಒಬ್ಬ ಕ್ಷಪಕನಿಗೇ ಅದು ಸಾಲದೆಂದಿದ್ದನು.

ಶಾಸನಗಳ ವಿಚಾರದಲ್ಲಿ ಕೆಲಸ ಇನ್ನೂ ಉಳಿದಿದೆ. ನಿಸಿದಿಗಳನ್ನು ಇದುವರೆಗೆ ಗುರುಪರಂಪರೆ, ಕಾಲನಿರ್ಣಯಗಳಿಗಾಗಿಯೇ ಹೆಚ್ಚಾಗಿ ಓದಲಾಗಿದೆ. ಕೊಪ್ಪಳ ಮಾತ್ರವಲ್ಲದೆ ಸಿಂದರ ರಾಜಧಾನಿಯಾಗಿದ್ದ ಎರಂಬರಗೆ, ಅಂದರೆ ಯಲಬುರ್ಗಾ, ಹಾಗೂ ಕುಷ್ಟಗಿಯ ಪರಿಸರದ ಶಾಸನಗಳನ್ನು ಪರಿಚಾರಕರ ಹೆಸರು, ಸಂಖ್ಯೆ, ಅವರಿಗೆ ಒದಗಿದ ಜೀವಿತ ಇವುಗಳಿಗಾಗಿ ಮತ್ತೊಮ್ಮೆ ಪರಿಶೀಲಿಸುವುದು ಅಗತ್ಯ. ಹೊಯ್ಸಳ ಮಂತ್ರಿ ಹುಳ್ಳನು ಕೊಪಣತೀರ್ಥದಲ್ಲಿ ಬಹಳ ಹೊನ್ನನ್ನು ವೆಚ್ಚ ಮಾಡಿ ಇಪ್ಪತ್ತನಾಲ್ಕು ಮುನಿಗಳ ಸಂಘಕ್ಕೆ ವೃತ್ತಿಯನ್ನು ಕಲ್ಪಿಸಿದನೆಂದು ಶ್ರವಣಬೆಳಗೊಳದ ೧೨ನೆಯ ಶತಮಾನದ ಶಾಸನವು ತಿಳಿಸುತ್ತದೆ. ಆ ಇಪ್ಪತ್ತನಾಲ್ವರಲ್ಲಿ ವೈಯಾವೃತ್ಯಕ್ಕೆ ನಿಂತವರಿದ್ದರೇ ಎಂಬ ಪ್ರಶ್ನೆಯಿಂದ ವಿದ್ಯಾರ್ಥಿಗಳು ಈ ಪರಿಶೀಲನೆಯನ್ನು ಆರಂಭಿಸಬಹುದು.